ಅಮ್ಮನ ಕುರ್ಚಿಗೆ ಕಟ್ಟಿದ ಮೈಕು

"ಸೋಫಾದಲ್ಲಿ ಕೂತ್ರೆ ಒಂದು ಮಾತೂ ಕೇಳ್ಸಲ್ವಲ್ಲಪ್ಪಾ! ಅಗ್ಗದ್ದು ತರ್ಬೇಡಿ ಅಂದಿದ್ದೆ," ಎಂದು ಮಗಳು ಹೋಮ್ ಥಿಯೇಟರಿನ ಹೊಸ ರಿಸೀವರಿನ ನೆತ್ತಿಗೆ ಒಂದು ತಟ್ಟಿದಳು. ಐದು ಸ್ಪೀಕರುಗಳಿದ್ದರೂ ಸಿನಿಮಾದ ಮಾತುಗಳೆಲ್ಲ ಅವಳನ್ನು ಕಂಡೂ ಕಾಣದವರಂತೆ ದಾಟಿ ಕಿಟಕಿಯ ಕಡೆಗೇ ಹೋಗುತ್ತಿದ್ದವು. ಜೊತೆಗೆ ಬಂದ ಪುಟ್ಟ ಮೈಕನ್ನು ಕೇಳುವವರ ಜಾಗದಲ್ಲಿಟ್ಟರೆ ರಿಸೀವರು ತಾನೇ ಅಳತೆ ತೆಗೆದು, ಆ ಜಾಗಕ್ಕೆ ಸದ್ದನ್ನು ಹೊಂದಿಸುತ್ತದೆ. "ಮೈಕು ಎಲ್ಲಿಟ್ಟಿದ್ರಿ?"

ಸಿಕ್ಕಿಬಿದ್ದ ಕಳ್ಳನ ಹಾಗೆ ಅಪ್ಪ ಕಿಟಕಿಯತ್ತ ಗಲ್ಲ ತೋರಿಸಿದರು. ಅಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದರು. ಅವರ ಕುರ್ಚಿಯ ಬೆನ್ನಿಗೆ ಮರದ ಸ್ಕೇಲು ಸಿಕ್ಕಿಸಿ, ಸರಿಯಾಗಿ ಎಡಗಿವಿಯ ಎತ್ತರಕ್ಕೆ ಅಪ್ಪ ಮೈಕನ್ನು ದಾರದಿಂದ ಕಟ್ಟಿದ್ದರು. "ಆ ಕಡೆ ಕಿವಿ ಅವಳಿಗೆ ಸ್ವಲ್ಪ ಮಂದ ಅಲ್ವಾ," ಎಂದರು ಅಪ್ಪ, ಮೆಲ್ಲಗೆ.

ಇಷ್ಟು ವರ್ಷ ಯಾವ ಸಿನಿಮಾ ಹಾಕಿದರೂ ಅಮ್ಮ "ಏನಂದ ಅವನು?" ಎಂದು ಕೇಳುವುದು, ಅಪ್ಪ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಮುಂದಿನ ನಾಲ್ಕು ಮಾತು ತಪ್ಪಿಸಿಕೊಳ್ಳುವುದು ನಡೆದೇ ಇತ್ತು. ಆದರೂ ಮನೆಮಂದಿಯೆಲ್ಲ ಕೂರುವುದು ಸೋಫಾದಲ್ಲಿ. ಅಳತೆಯನ್ನು ಅಲ್ಲಿಂದಲೇ ಮತ್ತೆ ತೆಗೆಯೋಣವೆಂದು ಮಗಳು ದಾರದ ಗಂಟಿಗೆ ಕೈಹಾಕಿದಳು. ಅಷ್ಟರಲ್ಲಿ ಟೀವಿಯಲ್ಲಿ ಯಾರೋ ಏನೋ ಅಂದ. ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಫಾದಿಂದ ಅಪ್ಪ ಕತ್ತು ಚಾಚಿದರು. "ಏನಂದ್ನೇ ಅವನು?"

ಮಗಳು ಗಂಟು ಬಿಚ್ಚಿ, ಮೈಕನ್ನು ಸೋಫಾದ ಕಡೆ ಒಯ್ಯದೆ ಅದರ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು.

"ಸ್ವಲ್ಪ ಸುಮ್ನಿರಿ," ಎಂದರು ಅಮ್ಮ, ಟೀವಿಯಿಂದ ಕಣ್ಣು ತೆಗೆಯದೆ. "ಇದೊಂದು ಮುಗೀಲಿ, ಎಲ್ಲಾ ಹೇಳ್ತೀನಿ."