ಅಪ್ಪನ ಫೋನಿಗೆ ಬಂದ ಓಟಿಪಿ

ನರ್ಸ್ ನೋಂದಣಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. "ಓಟಿಪಿ ಹೇಳಿ ಅಕ್ಕಾ," ಎಂದ ಸೈಬರ್ ಸೆಂಟರಿನವನು. ಚಿಕ್ಕತಾಯಿಯ ಆಧಾರಿಗೆ ಜೋಡಿಸಿದ್ದುದು ಅಪ್ಪನ ನಂಬರು. ಓಟಿಪಿ ಅಲ್ಲಿಗೇ ಹೋಗಿತ್ತು. ಒಲಿದವನ ಕೈಹಿಡಿದು ಮನೆ ಬಿಟ್ಟಂದಿನಿಂದ ಅವಳು ಅಪ್ಪನೊಡನೆ ಮಾತಾಡಿರಲಿಲ್ಲ. ಕಷ್ಟ ಬಂದಾಗಷ್ಟೇ ಗುಡಿಯ ಮೆಟ್ಟಿಲು ಹತ್ತುವವರ ಹಾಗಾಯಿತಲ್ಲ ತನ್ನ ಪಾಡು ಎಂದು ನಾಚುತ್ತಲೇ ಮನೆದೇವರನ್ನು ನೆನೆದು ಕರೆ ಮಾಡಿದಳು.

"ಅಪ್ಪಾ, ನಾನು ಚಿಕ್ಕತಾಯಿ. ನಿನ್ ಫೋನಿಗೊಂದು ನಂಬರ್ ಬಂದದೆ, ಓದಪ್ಪ."

ಅಪ್ಪ ನಿಧಾನವಾಗಿ ಓದಿದ. ನಂಬರ್ ಬರೆದುಕೊಂಡವಳೇ ಅವಳು ಫೋನಿಟ್ಟಳು.

"ತಪ್ಪು ಅಂತ ಬರ್ತಿದೆ ಅಕ್ಕಾ."

ಮತ್ತೆ ಕರೆದಳು. ಅಪ್ಪ ಮತ್ತೆ ಓದಿದ. ಅದೂ ತಪ್ಪಾಯಿತು.

"ಇನ್ನೊಂದ್ಸಲ ತಪ್ಪಾದ್ರೆ ಲಾಕ್ ಆಯ್ತದೆ. ನಿಮ್ಮಪ್ಪಂಗೆ ಕಣ್ಣು ಕಾಣ್ತದಾ?"

ಸುತ್ತಲಿದ್ದವರು ನಕ್ಕರು. ಅವಳು ತಲೆ ತಗ್ಗಿಸಿ ಮತ್ತೊಮ್ಮೆ ಕರೆದಳು.

"ಅಪ್ಪಾ, ಕನ್ನಡಕ ಹಾಕ್ಕಂಡು ನೋಡಪ್ಪ. ನನ್ ಕೆಲಸ ಹೋಯ್ತದೆ."

"ಕಣ್ಣು ಚೆನ್ನಾಗೇ ಅವೆ ಕಣವ್ವ," ಎಂದ ಅಪ್ಪ. "ಈ ಸಲ ಸರಿಯಾಗೇ ಹೇಳ್ತೀನಿ, ಬರ್ಕೊ. ಮೊದ್ಲೇ ಹೇಳ್ಬುಟ್ಟಿದ್ರೆ ನೀನು ಮತ್ತೆ ಫೋನ್ ಮಾಡ್ತಿದ್ಯಾ?"