ಹತ್ತು ಎಣಿಸುವುದರೊಳಗೆ

"ಒಂದು," ಎಂದಳು ಓಕ್‌ಜು. ಅವಳು ಹತ್ತು ಎಣಿಸುವುದರೊಳಗೆ ಹೇರಂ, ಬಾದುಕ್ ಎಂಬ ಕೊರಿಯಾದ ಆಟದ ಮಣೆಯ ಮೇಲೆ ಕಪ್ಪು ಕಾಯಿ ಇಡಬೇಕು, ಇಡದಿದ್ದರೆ ಸೋತಂತೆ. ಗೆದ್ದವಳು ಇವತ್ತೇ ವೃತ್ತಿಪರ ಆಟಗಾರ್ತಿ. ವಯಸ್ಸಿನ ಮಿತಿಯಿಂದಾಗಿ ಹೇರಂಗೆ ಇದೇ ಕೊನೆಯ ಅವಕಾಶ. ಎದುರಿಗಿದ್ದ ಯುಲ್ಹೀಗೆ ಇನ್ನೂ ಹದಿನಾಲ್ಕು. ಇಪ್ಪತ್ತು ವರ್ಷ ಇದೇ ಆಟವಾಡಿ ಬದುಕಿದ ಓಕ್‌ಜು ಇಬ್ಬರಿಗೂ ಗುರು. ಅದಕ್ಕೇ ಅವಳು ಸೆಕೆಂಡು ಎಣಿಸಲು ಕೂತಾಗ ಯಾರೂ ತಕರಾರು ತೆಗೆಯಲಿಲ್ಲ.

"ಎರಡು. ಮೂರು." ಎಡಮೂಲೆಯಲ್ಲಿ ಒಂದು ಖಾಲಿ ಜಾಗವಿತ್ತು. ಅಲ್ಲಿಟ್ಟರೆ, ಬಿಳಿ ಕಾಯಿಗಳ ನಡುವೆ ಸಿಕ್ಕಿ ಸಾಯಲಿದ್ದ ಕಪ್ಪು ಕಾಯಿಗಳೆಲ್ಲ ಬದುಕುತ್ತಿದ್ದವು. ಹೇರಂಳ ಕೈ ಮಾತ್ರ ಬಲಗಡೆಯೇ ತಡಕಾಡುತ್ತಿತ್ತು. "ಆರು. ಏಳು." ಹೇರಂ ತಲೆಯೆತ್ತಿದಳು. ತರಗತಿಯಲ್ಲಿ ದಾರಿ ಕಾಣದಾಗಲೆಲ್ಲ ಹೀಗೇ ಟೀಚರ್ ಮುಖ ನೋಡುತ್ತಿದ್ದಳು. ಅವರ ಕಣ್ಣು ಹೋದಲ್ಲಿಗೆ ಇವಳ ಬೆರಳೂ ಹೋಗುತ್ತಿತ್ತು. ಓಕ್‌ಜು ಗಡಿಯಾರದಿಂದ ಕಣ್ಣು ಕೀಳಲಿಲ್ಲ. "ಎಂಟು. ಒಂಬತ್ತು."

ಹೇರಂ ಬಲಗಡೆಯೇ ಇಟ್ಟಳು. ಸ್ವಲ್ಪ ಹೊತ್ತಿಗೆ, ತಾನು ಸೆರೆಹಿಡಿದಿದ್ದ ಎರಡು ಬಿಳಿ ಕಾಯಿಗಳನ್ನು ಮಣೆಯ ಮೇಲಿಟ್ಟು, ತಲೆಬಾಗಿ ಸೋಲೊಪ್ಪಿದಳು.

ಆಟ ಮುಗಿದ ಮೇಲೆ ಇಬ್ಬರೂ ಸೇರಿ ಅದನ್ನು ಮತ್ತೆ ಆಡಿ ನೋಡುವುದು ರೂಢಿ. ಆ ಘಟ್ಟಕ್ಕೆ ಬಂದಾಗ ಹೇರಂ ಈ ಸಲ ಎಡಮೂಲೆಯಲ್ಲಿ ಕಾಯಿ ಇಟ್ಟಳು.

"ಅಯ್ಯೋ ಅಕ್ಕ, ಅದು ನಂಗೂ ಕಂಡಿರ್ಲಿಲ್ಲ," ಎಂದಳು ಯುಲ್ಹೀ.

ಹೇರಂ ಓಕ್‌ಜು ಕಡೆ ತಿರುಗಿದಳು. "ನಿಮಗೆ ಯಾವಾಗ ಕಾಣ್ತು ಟೀಚರ್?"

ಸುಳ್ಳು ಹೇಳಲು ಓಕ್‌ಜುಗೆ ಬಾಯಿ ಬರಲಿಲ್ಲ.

"ಮೂರು ಅಂದಾಗ."