ಪೂರ್ವಕ್ಕೆ ಮುಖಮಾಡಿದ ದೋಣಿಗಳು

ನೆಲವೆಲ್ಲ ಮುಳುಗಿದ ಮೇಲೆ ನಾವು ದೋಣಿಗಳಲ್ಲೇ ಸಂಸಾರ ಮಾಡುತ್ತಿದ್ದೇವೆ. ನೆಲ ಹೋಯಿತು, ವಾಸ್ತು ಹೋಗಲಿಲ್ಲ.

ತುಂಬು ಬಸುರಿ ಹೆಂಡತಿ ಜಲಜಾಕ್ಷಿಯೊಂದಿಗೆ ನನ್ನ ಹಾಯಿದೋಣಿಯನ್ನು ಬಳೆಯಂತೆ ನೀರನ್ನು ಸುತ್ತುವರಿದ ಒಂದು ಹವಳದ ದಿಬ್ಬದೊಳಗೆ ತಂದಾಗ ಪಡುವಣದ ಮೋಡ ಕಪ್ಪಾಗಿತ್ತು. ಸುತ್ತಲಿನ ಸಾಗರದಲ್ಲಿ ಬೇರೆ ಆಸರೆ ಇರಲಿಲ್ಲ. ಒಳಗಿನ ದೋಣಿಗಳೆಲ್ಲ ಹಿಂದೊಂದು ಮುಂದೊಂದು ಲಂಗರು ಬಿಗಿದುಕೊಂಡು ಪೂರ್ವಕ್ಕೇ ಮುಖಮಾಡಿ ನಿಂತಿದ್ದವು. ನಾನು ಮುಂದೆ ಒಂದೇ ಲಂಗರು ಬಿಟ್ಟೆ. ದೋಣಿ ತಾನಾಗಿ ಗಾಳಿ ಬರುವ ಪಶ್ಚಿಮಕ್ಕೆ ತಿರುಗಿತು.

ಪಕ್ಕದ ದೋಣಿಯಿಂದ ನಿವಾಸಿಗಳ ಸಂಘದ ಅಧ್ಯಕ್ಷ ಶೇಷಗಿರಿ ಕೂಗಿದರು.

"ಏನ್ರೀ, ಪಶ್ಚಿಮಕ್ಕೆ ಮುಖಾನಾ? ಇಡೀ ಬಡಾವಣೆಗೇ ದೋಷ! ತಿರುಗ್ಸಿ, ಇಲ್ಲಾಂದ್ರೆ ಲಂಗರು ಕಿತ್ಕೊಂಡು ಹೊರಗೆ ನಡೀರಿ."

"ಬಿರುಗಾಳಿಗೆ ಬೆನ್ನು ಕೊಟ್ರೆ ಅಲೆ ಒಳಗೇ ನುಗ್ಗುತ್ತೆ ಸ್ವಾಮಿ! ಹೆಂಡ್ತಿ ಬಸುರಿ. ನಿಮ್ಗೆ ತಲೆ ನೆಟ್ಟಗಿದ್ಯಾ?"

"ಬಸುರಿ ಅಂತಾನೇ ಹೇಳ್ತಿರೋದು. ಮಗೂಗೆ ಒಳ್ಳೇದಾಗೋದು ಬೇಡ್ವಾ?"

"ನಾನು ಕದಲಲ್ಲ. ಏನ್ ಕಿಸಿತೀರೋ ಕಿಸೀರಿ."

ಅವರು ಸಂಘದ ಸಭೆ ಕರೆಯುವಷ್ಟರಲ್ಲಿ ಬಿರುಗಾಳಿ ಬಂದೇಬಿಟ್ಟಿತು. ನಮ್ಮ ದೋಣಿ ಅಲೆಗಳಿಗೆ ಎದೆಯೊಡ್ಡಿ ಕುಣಿಯಿತು, ಮುಳುಗಲಿಲ್ಲ. ಪೂರ್ವ ನೋಡುತ್ತಿದ್ದ ದೋಣಿಗಳಿಗೆ ಹಿಂದಿನಿಂದ ನೀರು ನುಗ್ಗಿತು. ಒಂದೊಂದಾಗಿ ತಳ ಸೇರಿದವು. ಜನ ಈಜಿ ದಿಬ್ಬ ಹತ್ತಿಕೊಂಡರು.

ಶೇಷಗಿರಿಯವರು ಮಾತ್ರ ಜಲಜಾಕ್ಷಿ ಎಸೆದ ಹಗ್ಗ ಹಿಡಿದು ನಮ್ಮಲ್ಲಿಗೆ ಬಂದರು. ಉಪ್ಪುನೀರು ಕಾರಿದರು. ಅವಳು ಕೊಟ್ಟ ಬಿಸಿ ಮೀನುಸಾರು ಕುಡಿದರು. ಆಮೇಲೆ ಸುತ್ತ ಕಣ್ಣಾಡಿಸಿ ಒಲೆಯತ್ತ ಬೆರಳು ತೋರಿಸಿದರು.

"ಒಲೆ ಆಗ್ನೇಯಕ್ಕಿಲ್ವಲ್ಲಮ್ಮಾ! ಅದಕ್ಕೇ ನೋಡಿ, ನಮ್ಮ ದೋಣಿ ಮುಳುಗಿದ್ದು."